ಸಿಪಿಯುಫ್ರೀಕ್
ಲಿನಕ್ಸ್ ಕರ್ನಲ್‌ನಲ್ಲಿ ಪ್ರೊಸೆಸರಿನ ವೇಗವನ್ನು ಹೊರೆಗೆ ತಕ್ಕಂತೆ ಏರಿಳಿಸುವ ಉಪವ್ಯವಸ್ಥೆ. ಚಿಪ್ ದುಡಿಯುವಾಗ ಬಳಸುವ ವಿದ್ಯುತ್ತು ಮುಖ್ಯವಾಗಿ ಆವರ್ತನವನ್ನೂ ವೋಲ್ಟೇಜಿನ ವರ್ಗವನ್ನೂ ಅವಲಂಬಿಸಿದೆ. ಆವರ್ತನ ತಗ್ಗಿದರೆ ವೋಲ್ಟೇಜನ್ನೂ ತಗ್ಗಿಸಬಹುದಾದ್ದರಿಂದ, ಕಳೆದುಕೊಂಡ ವೇಗಕ್ಕಿಂತ ಉಳಿದ ವಿದ್ಯುತ್ತಿನ ಪಾಲು ದೊಡ್ಡದು.

ವೇಗವನ್ನು ತೀರ್ಮಾನಿಸುವ ಭಾಗಕ್ಕೆ ಗವರ್ನರ್ ಎಂದು ಹೆಸರು. ‘ಪರ್ಫಾರ್ಮೆನ್ಸ್’ ಗರಿಷ್ಠ ವೇಗಕ್ಕೆ, ‘ಪವರ್‌ಸೇವ್’ ಕನಿಷ್ಠಕ್ಕೆ ಅಂಟಿಕೊಳ್ಳುತ್ತವೆ. ‘ಆನ್‌ಡಿಮ್ಯಾಂಡ್’ ಆಗಾಗ ಹೊರೆಯನ್ನು ಅಳೆದು ವೇಗ ಬದಲಿಸುತ್ತದೆ. 2016ರಲ್ಲಿ ಕರ್ನಲ್‌ನ 4.7ನೇ ಆವೃತ್ತಿಯೊಂದಿಗೆ ಬಂದ ‘ಷೆಡ್‌ಯುಟಿಲ್’ ಬೇರೆಯಾಗಿ ಅಳೆಯುವ ಗೋಜಿಗೆ ಹೋಗದೆ ಷೆಡ್ಯೂಲರಿನ ಲೆಕ್ಕವನ್ನೇ ನಂಬುತ್ತದೆ. ಇಂಟೆಲ್ ಚಿಪ್‌ಗಳ ‘ಪಿ-ಸ್ಟೇಟ್’ ಚಾಲಕದಲ್ಲಿ (2013) ಹೆಸರುಗಳು ದಾರಿ ತಪ್ಪಿಸುತ್ತವೆ: ಅಲ್ಲಿನ ‘ಪವರ್‌ಸೇವ್’ ಕನಿಷ್ಠ ವೇಗಕ್ಕೆ ಕಟ್ಟುಬೀಳದೆ, ಹೊರೆ ನೋಡಿಕೊಂಡು ಏರಿಳಿಯುತ್ತದೆ.

ವೇಗವನ್ನು ಸದಾ ಕನಿಷ್ಠದಲ್ಲಿಟ್ಟರೆ ಬ್ಯಾಟರಿ ಹೆಚ್ಚು ಹೊತ್ತು ಬರುತ್ತದೆಂಬ ನಂಬಿಕೆ ಅರೆಸತ್ಯ. ಕೆಲಸ ಎಳೆದಷ್ಟು ಹೊತ್ತೂ ಪರದೆ, ಮೆಮೊರಿಗಳು ವಿದ್ಯುತ್ತು ತಿನ್ನುತ್ತಲೇ ಇರುತ್ತವೆ. ಬೇಗ ಮುಗಿಸಿ ಪ್ರೊಸೆಸರನ್ನು ಗಾಢ ನಿದ್ರಾಸ್ಥಿತಿಗೆ ಕಳಿಸುವುದೇ ಎಷ್ಟೋ ಸಲ ಲಾಭ. ನಿದ್ರಾಸ್ಥಿತಿಗಳನ್ನು ನೋಡಿಕೊಳ್ಳುವುದು ‘ಸಿಪಿಯುಐಡಲ್’ ಎಂಬ ಇನ್ನೊಂದು ಉಪವ್ಯವಸ್ಥೆ.

ಸಾಮಾನ್ಯ ಬಳಕೆದಾರರು ಗವರ್ನರನ್ನು ನೇರವಾಗಿ ಮುಟ್ಟುವುದು ಅಪರೂಪ. ಗ್ನೋಮ್, ಕೆಡಿಇ ಪರಿಸರಗಳ ವಿದ್ಯುತ್ ಆಯ್ಕೆಗಳೋ ‘ಟಿಎಲ್‌ಪಿ’ ತಂತ್ರಾಂಶವೋ ಆ ಕೆಲಸ ಮಾಡುತ್ತವೆ.