ಅಡುಗೆಕಟ್ಟೆಯ ಕಲ್ಲು, ಗೊಮ್ಮಟನ ಬಂಡಿ

ನಮ್ಮ ಫ್ಲಾಟಿನ ಅಡುಗೆಕಟ್ಟೆಗೆ ಅಳತೆ ತೆಗೆಯೋಕೆ ಗ್ರಾನೈಟ್ ಮೇಸ್ತ್ರಿ ಬಂದಿದ್ರು. 10 ಅಡಿ ಉದ್ದ, 2 ಅಡಿ ಅಗಲ, ಜಾಯಿಂಟ್ ಇಲ್ಲದ ಒಂದೇ ಕಲ್ಲು ಬೇಕು ಅಂತ ನನ್ನ ಹಟ. ಅಪಾರ್ಟ್‌ಮೆಂಟಿನ ಲಿಫ್ಟಲ್ಲಿ ಕಲ್ಲು ಸಾಗಿಸುವಂತಿಲ್ಲ, ಮೂರನೇ ಮಹಡಿಗೆ ಮೆಟ್ಟಿಲೇ ಗತಿ. ಮೇಸ್ತ್ರಿ ಹೇಳಿದ್ರು: “ಎರಡು ಪೀಸ್ ಮಾಡೋಣ ಸಾರ್. ಹುಡುಗರ ಸೊಂಟಾನೂ ಉಳೀಬೇಕಲ್ಲ.”

ಅವರು ಹೋದಮೇಲೆ ಲೆಕ್ಕ ಹಾಕಿದೆ. ಗ್ರಾನೈಟ್ ಘನ ಮೀಟರಿಗೆ ಸುಮಾರು 2,700 ಕೆಜಿ. 20 ಮಿಲಿಮೀಟರ್ ದಪ್ಪದ ಕಲ್ಲು ಚದರ ಅಡಿಗೆ ಹತ್ತಿರತ್ತಿರ 5 ಕೆಜಿ. ನಾನು ಕೇಳಿದ ಕಲ್ಲು 100 ಕೆಜಿ!

ಭಾರದ ಕಲ್ಲು ನಮ್ಮ ನಾಡಿಗೆ ಹೊಸದಲ್ಲ. ಆದರೆ ಹಿಂದಿನವರು ಅದನ್ನು ಎತ್ತದೇ ಇರೋಕೆ ಎಷ್ಟು ತಲೆ ಓಡಿಸಿದ್ರು ನೋಡಿ. ಹತ್ತನೇ ಶತಮಾನದಲ್ಲಿ ಶ್ರವಣಬೆಳಗೊಳದ ಶಿಲ್ಪಿಗಳು ಬೆಟ್ಟದ ತುದಿಯ ಬಂಡೆಯನ್ನೇ ಗೊಮ್ಮಟನನ್ನಾಗಿ ಕೆತ್ತಿದರು. ಸಾಗಿಸುವ ಮಾತೇ ಬರಲಿಲ್ಲ. 1432ರಲ್ಲಿ ಪ್ರತಿಷ್ಠೆಯಾದ ಕಾರ್ಕಳದ ಗೊಮ್ಮಟ ಸುಮಾರು 42 ಅಡಿ. ಅದನ್ನು ಬೇರೆ ಕಡೆ ಕೆತ್ತಿ, ಹಲವು ಚಕ್ರಗಳ ಬಂಡಿಯಲ್ಲಿ ಮಲಗಿಸಿ ಗುಡ್ಡ ಹತ್ತಿಸಿದರು ಅಂತ ಹಳೆಯ ವಿವರಣೆಗಳು ಹೇಳುತ್ತವೆ. ಅದೇ ಕಾರ್ಕಳದಲ್ಲಿ ರೆಂಜಾಳ ಗೋಪಾಲ ಶೆಣೈ ಕೆತ್ತಿದ 39 ಅಡಿಯ ಬಾಹುಬಲಿ 1973ರಲ್ಲಿ ಧರ್ಮಸ್ಥಳಕ್ಕೆ ಹೊರಟಾಗಲೂ ಹೊತ್ತದ್ದು ಬಹುಚಕ್ರದ ಟ್ರಾಲಿ. ನಮ್ಮೂರಲ್ಲಿ ಚಪ್ಪಡಿ ಸರಿಸೋಕೆ ಹಾರೆ ಕೊಟ್ಟು, ಅಡಿಗೆ ಮರದ ಉರುಳೆ ಹಾಕ್ತಿದ್ದದ್ದೂ ಇದೇ ಬುದ್ಧಿ: ಎತ್ತಬೇಡ, ಉರುಳಿಸು.

ದೇವರ ಕಲ್ಲಿಗೆ ಸಿಕ್ಕ ಈ ಮರ್ಯಾದೆ ಅಡುಗೆಮನೆಯ ಕಲ್ಲಿಗೆ ಸಿಗಲಿಲ್ಲ. ನೆಲದ ಮೇಲೆ ಕೂತು ಅಡುಗೆ ಮಾಡ್ತಿದ್ದ ನಾವು ಗ್ಯಾಸ್ ಒಲೆ ಬಂದಮೇಲೆ ಎದ್ದು ನಿಂತ್ವಿ. ಮೊದಲು ಕಡಪಾ ಕಲ್ಲು, ಆಮೇಲೆ ಪಾಲಿಶ್ ಗ್ರಾನೈಟ್. ಕಲ್ಲು ಮಹಡಿ ಹತ್ತಿತು, ಬಂಡಿ ಕೆಳಗೇ ಉಳಿಯಿತು.

ಕಾನೂನು ಸುಮ್ಮನಿರಲಿಲ್ಲ. ಗಾಯವಾಗುವಷ್ಟು ಭಾರವನ್ನು ಯಾರಿಂದಲೂ ಎತ್ತಿಸಬಾರದು ಅಂತ 1948ರ ಕಾರ್ಖಾನೆ ಕಾಯ್ದೆಯ 34ನೇ ಸೆಕ್ಷನ್ ಹೇಳಿತು. ವಯಸ್ಕ ಗಂಡಸಿಗೆ 55 ಕೆಜಿ ಮಿತಿ ಅಂತ 1967ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಶಿಫಾರಸು ಮಾಡಿತು. ಆದರೆ ನಮ್ಮ ಅಡುಗೆಮನೆ ಕಾರ್ಖಾನೆಯಲ್ಲ. ಕಟ್ಟಡ ಕಾರ್ಮಿಕರಿಗೆಂದೇ ಬಂದ 1996ರ ಕಾಯ್ದೆ ಅನ್ವಯಿಸಿದ್ದು ಹತ್ತು ಅಥವಾ ಹೆಚ್ಚು ಕೆಲಸಗಾರರಿರುವ ಕಡೆ. ಮೇಸ್ತ್ರಿ ಮತ್ತು ಅವರ ಇಬ್ಬರು ಹುಡುಗರು ಎರಡರ ಲೆಕ್ಕಕ್ಕೂ ಬರೋದಿಲ್ಲ.

ಇಬ್ಬರು ಹೊತ್ತರೆ ತಲಾ 50 ಕೆಜಿ ತಾನೇ, ಮಿತಿಯೊಳಗೇ ಇದೆಯಲ್ಲ ಅನ್ನಬಹುದು. ಎಕ್ಸೆಲ್ ಶೀಟಲ್ಲಿ ಸರಿ. ಮೆಟ್ಟಿಲ ಮೇಲೆ ಕಲ್ಲು ವಾಲಿದಾಗ ಕೆಳಗಿನವನ ಪಾಲು ಹೆಚ್ಚುತ್ತೆ. ಬಲ್ಲವರು ಕಲ್ಲನ್ನು ಅಡ್ಡಲಾಗಿ ಹೊರೋದೇ ಇಲ್ಲ, ಅಂಚಿನ ಮೇಲೆ ನಿಲ್ಲಿಸಿಯೇ ಹಿಡಿಯುತ್ತಾರೆ. ಅಡ್ಡ ಹಿಡಿದರೆ ತನ್ನ ಭಾರಕ್ಕೇ ಬಾಗಿ ಸಿಂಕಿನ ತೂತಿನ ಹತ್ತಿರ ಮುರಿಯುತ್ತೆ. ನೆಲದಲ್ಲಿ ಸಾಗಿಸೋಕೆ ಎ ಆಕಾರದ ಸ್ಟ್ಯಾಂಡಿನ ಟ್ರಾಲಿ, ಎರಡೂ ಬದಿಗೆ ಸಮತೂಕ, ಮೇಲೊಂದು ಬೆಲ್ಟ್. ಕೂರಿಸುವಾಗ ಹಿಡಿತಕ್ಕೆ ವ್ಯಾಕ್ಯೂಮ್ ಕಪ್. ಅದು ನಿಲ್ಲೋದು ಒಣಗಿದ, ಧೂಳಿಲ್ಲದ ಪಾಲಿಶ್ ಮೇಲೆ ಮಾತ್ರ. ಎಲ್ಲಕ್ಕಿಂತ ದೊಡ್ಡ ನಿಯಮ: ಕಲ್ಲು ವಾಲಿತಾ? ತಡೆಯೋಕೆ ಹೋಗಬೇಡ, ಪಕ್ಕಕ್ಕೆ ಸರಿ. ಕಲ್ಲು ಇನ್ನೊಂದು ಸಿಗುತ್ತೆ.

ಕೊನೆಗೆ ಎರಡು ಪೀಸೇ ಬಂತು. ಮನೆಗೆ ಬಂದ ಗೆಳೆಯರು ಕಟ್ಟೆ ಮೇಲೆ ಬೆರಳಾಡಿಸಿ, “ಇಲ್ಲೊಂದು ಗೆರೆ ಕಾಣುತ್ತಲ್ಲೋ” ಅಂತಾರೆ. ಹೌದು, ಕಾಣುತ್ತೆ. ಆ ಗೆರೆ ನನ್ನದಲ್ಲ, ಮೇಸ್ತ್ರಿಯದು. ನನ್ನ ಮಾತೇ ನಡೆದಿದ್ದರೆ ಕಟ್ಟೆಯ ಮೇಲೆ ಗೆರೆ ಇರ್ತಿರಲಿಲ್ಲ. ಯಾವುದೋ ಹುಡುಗನ ಬೆನ್ನಲ್ಲಿ ಇರ್ತಿತ್ತು.