ಹಳಿ ಬಂತು, ಬೋಗಿ ಎಲ್ಲಿ?

ನಮ್ಮ ಶಿವಮೊಗ್ಗ ಸೀಮೆಯ ರೈಲಿನ ಕಥೆಯನ್ನು ಯಾರಾದರೂ ಹೇಳಹೊರಟರೆ ಅದು ಇಸವಿಗಳಲ್ಲೇ ಮುಗಿದುಹೋಗುತ್ತದೆ. 1899ರಲ್ಲಿ ಬೀರೂರಿನಿಂದ ಶಿವಮೊಗ್ಗಕ್ಕೆ ಮೀಟರ್ ಗೇಜ್ ಹಳಿ ಬಂತು. 1930ರ ದಶಕದಲ್ಲಿ ಅದು ಅರಸಾಳಿನ ಕಾಡು ಹೊಕ್ಕು, 1940ರ ಹೊತ್ತಿಗೆ ತಾಳಗುಪ್ಪ ಮುಟ್ಟಿತು. 2011ರ ಹೊತ್ತಿಗೆ ತಾಳಗುಪ್ಪದವರೆಗೂ ಬ್ರಾಡ್ ಗೇಜ್ ಆಯಿತು. ಮಲೆನಾಡಿನ ಸಾರಿಗೆಯ ಬಗ್ಗೆ ಸಂಶೋಧನೆ ಮಾಡುತ್ತಿರುವ ನನ್ನ ಟಿಪ್ಪಣಿ ಪುಸ್ತಕದ ಮೊದಲ ಪುಟಗಳಲ್ಲೂ ಇರುವುದು ಇವೇ: ಹಳಿ ಎಲ್ಲಿಂದ ಎಲ್ಲಿಗೆ, ಯಾವ ವರ್ಷ, ಯಾರ ಕಾಲದಲ್ಲಿ. ಆ ಹಳಿಯ ಮೇಲೆ ಓಡಲು ಬೋಗಿಗಳೆಷ್ಟಿದ್ದವು, ರಾತ್ರಿ ಅವು ಎಲ್ಲಿ ತಂಗುತ್ತಿದ್ದವು, ತೊಳೆದು ಗಾಲಿ ಪರೀಕ್ಷಿಸುತ್ತಿದ್ದವರು ಯಾರು ಎಂಬುದಕ್ಕೆ ಈ ಪಟ್ಟಿಯಲ್ಲಿ ಜಾಗವಿಲ್ಲ.

ಆದರೆ ಪ್ರಯಾಣಿಕರ ದಿನವನ್ನು ಹೆಚ್ಚು ಮುಟ್ಟುವುದು ಈ ಎರಡನೆಯ ಬಗೆಯ ಪ್ರಶ್ನೆಗಳೇ. ಇದು ಎಲ್ಲರ ಕಣ್ಣಿಗೂ ಕಾಣುವಂತೆ ಆದದ್ದು ಬೆಂಗಳೂರಿನಲ್ಲಿ, 2025ರ ಆಗಸ್ಟ್‌ನಲ್ಲಿ.

ಆ ತಿಂಗಳ 10ರಂದು ನಮ್ಮ ಮೆಟ್ರೋದ ಹಳದಿ ಮಾರ್ಗ ಉದ್ಘಾಟನೆಯಾಯಿತು. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ 19 ಕಿಲೋಮೀಟರ್‌ಗೂ ಹೆಚ್ಚು ದೂರ, 16 ನಿಲ್ದಾಣ. ನಡುವೆ ಎಲೆಕ್ಟ್ರಾನಿಕ್ ಸಿಟಿ. ಹಳಿ, ನಿಲ್ದಾಣಗಳೆಲ್ಲ ಸಿದ್ಧವಾಗಿ ಕಾದು ಕೂತಿದ್ದವು. ಆದರೆ ಓಡಿಸಲು ಇದ್ದದ್ದು ಮೂರೇ ರೈಲು. ಹಾಗಾಗಿ 25 ನಿಮಿಷಕ್ಕೊಂದು ರೈಲು. ಸೆಪ್ಟೆಂಬರ್‌ನಲ್ಲಿ ನಾಲ್ಕನೆಯದು ಸೇರಿದಾಗ ಅಂತರ 19 ನಿಮಿಷಕ್ಕಿಳಿಯಿತು. ಐದನೆಯದು ಬಂದಾಗ 15.

ಈ ಅಂಕಿಗಳನ್ನು ಒಟ್ಟಿಗಿಟ್ಟು ನೋಡಿದರೆ ಮೆಟ್ರೋ ಎಂಬ ವ್ಯವಸ್ಥೆಯ ಮೂಲ ಲೆಕ್ಕವೇ ಸಿಗುತ್ತದೆ. ಮೂರು ರೈಲನ್ನು 25 ನಿಮಿಷದಿಂದ ಗುಣಿಸಿದರೆ 75. ಒಂದು ರೈಲು ಆ ತುದಿಗೆ ಹೋಗಿ, ತಿರುಗಿ, ಮತ್ತೆ ಹೊರಟಲ್ಲಿಗೆ ಬರಲು ಹಿಡಿಯುವ ಸಮಯ ಅದು. 75ನ್ನು ನಾಲ್ಕರಿಂದ ಭಾಗಿಸಿದರೆ ಹತ್ತಿರಹತ್ತಿರ 19, ಐದರಿಂದ ಭಾಗಿಸಿದರೆ 15. ಐದು ನಿಮಿಷಕ್ಕೊಂದು ರೈಲು ಬೇಕೆಂದರೆ ಹಳಿಯ ಮೇಲೆ ಸದಾ 15 ರೈಲು ಓಡುತ್ತಿರಬೇಕು. ವೇಗ ಹೆಚ್ಚಿಸಿ ಗಳಿಸುವುದು ಅಲ್ಪ. ಕಾಯುವ ಹೊತ್ತನ್ನು ತೀರ್ಮಾನಿಸುವುದು ರೈಲುಗಳ ಸಂಖ್ಯೆ.

ಆ ರೈಲುಗಳೇಕೆ ಇರಲಿಲ್ಲ? 2019ರ ಡಿಸೆಂಬರ್‌ನಲ್ಲಿ ಚೀನಾದ ಸಿಆರ್‌ಆರ್‌ಸಿ ಕಂಪನಿಗೆ 216 ಬೋಗಿಗಳ ಗುತ್ತಿಗೆ ಸಿಕ್ಕಿತ್ತು. ಆರು ಬೋಗಿಗಳ 36 ರೈಲು; ಅದರಲ್ಲಿ 15 ಹಳದಿ ಮಾರ್ಗಕ್ಕೆ. ಭಾರತದಲ್ಲೇ ತಯಾರಿಕೆ ನಡೆಯಬೇಕೆಂಬ ಷರತ್ತಿತ್ತು. ಅಷ್ಟರಲ್ಲಿ ಕೋವಿಡ್ ಬಂತು. 2020ರ ಜೂನ್‌ನಲ್ಲಿ ಗಲ್ವಾನ್ ಕಣಿವೆಯ ಘರ್ಷಣೆ ನಡೆಯಿತು, ಚೀನಾದ ಹೂಡಿಕೆಗೂ ವೀಸಾಗಳಿಗೂ ಬಿಗಿ ಬಂತು. ಕಡೆಗೆ ಕೆಲಸ ಪಶ್ಚಿಮ ಬಂಗಾಳದ ಟಿಟಾಗಢ ಕಾರ್ಖಾನೆಯ ಪಾಲಾಯಿತು. ಚೀನಾದಲ್ಲಿ ತಯಾರಾದ ಮಾದರಿ ರೈಲು ಹೆಬ್ಬಗೋಡಿ ಡಿಪೋ ತಲುಪಿದ್ದು 2024ರ ಫೆಬ್ರವರಿಯಲ್ಲಿ. ಹಿಮಾಲಯದ ಗಡಿಯಲ್ಲಿ ನಡೆದ ಜಗಳದ ಒಂದು ಎಳೆ ಹೊಸೂರು ರಸ್ತೆಯ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡವರನ್ನೂ ತಟ್ಟಿತ್ತು.

ನೇರಳೆ, ಹಸಿರು ಮಾರ್ಗಗಳಿಂದ ನಾಲ್ಕು ರೈಲು ಎರವಲು ತರಬಹುದಿತ್ತಲ್ಲ ಎಂದು ಕೇಳಬಹುದು. ಆಗುವುದಿಲ್ಲ. ಆ ಮಾರ್ಗಗಳ ಸಿಗ್ನಲ್ ವ್ಯವಸ್ಥೆಯೇ ಬೇರೆ, ಹಳದಿಯದೇ ಬೇರೆ. ಒಂದು ಮಾರ್ಗದ ರೈಲಿಗೆ ಇನ್ನೊಂದು ಮಾರ್ಗದ ಭಾಷೆ ತಿಳಿಯದು.

ಇದ್ದ ರೈಲುಗಳನ್ನೆಲ್ಲ ಓಡಿಸಲೂ ಬರುವುದಿಲ್ಲ. ನಮ್ಮೂರು ಸಕ್ರೆಬೈಲಿನವರಿಗೆ ಈ ಮಾತು ಹೊಸದಲ್ಲ. ತುಂಗೆಯ ಹಿನ್ನೀರಿನ ದಡದ ಆನೆ ಬಿಡಾರದಲ್ಲಿ ಆನೆಗಳೆಷ್ಟು ಎಂದು ಪ್ರವಾಸಿಗರು ಕೇಳುತ್ತಾರೆ. ಕೆಲಸಕ್ಕೆ ಸಿಗುವ ಆನೆಗಳೆಷ್ಟು ಎಂಬುದು ಮಾವುತರ ಲೆಕ್ಕ. ಮದ ಬಂದ ಸಲಗವನ್ನು ಕಟ್ಟಿಹಾಕಬೇಕು. ಬಸಿರಿಗೆ, ಮರಿಯಿರುವ ತಾಯಿಗೆ ಭಾರದ ಕೆಲಸವಿಲ್ಲ. ಒಂದಕ್ಕೆ ಕಾಲಿನ ಹುಣ್ಣು, ಇನ್ನೊಂದಕ್ಕೆ ಪ್ರಾಯ ಮೀರಿದೆ. ಸಂಜೆ ಕಾಡಿಗೆ ಬಿಟ್ಟ ಆನೆಯನ್ನು ಬೆಳಿಗ್ಗೆ ಹುಡುಕಿ ತಂದು, ಮೀಯಿಸಿ, ಮೈಯೆಲ್ಲ ಸವರಿ ನೋಡಬೇಕು. ಕಾಡಾನೆ ಹಿಡಿಯಲು ಹೋಗಬೇಕಾದ ದಿನ, ದಸರೆಯ ಮೆರವಣಿಗೆಗೆ ಶಿವಮೊಗ್ಗಕ್ಕೆ ಕಳಿಸಬೇಕಾದ ದಿನ, ಈ ಎಲ್ಲ ಕಳೆದು ಉಳಿದದ್ದೇ ನಿಜವಾದ ಸಂಖ್ಯೆ.

ಮೆಟ್ರೋ ಡಿಪೋದ ಲೆಕ್ಕವೂ ಇದೇ ಬಗೆಯದು. ಬೈಯಪ್ಪನಹಳ್ಳಿ, ಪೀಣ್ಯ ಡಿಪೋಗಳಲ್ಲಿ ರಾತ್ರಿ ಸೇವೆ ನಿಂತ ಮೇಲೆ ಇನ್ನೊಂದು ದಿನ ಶುರುವಾಗುತ್ತದೆ. ತೊಳೆಯುವುದು, ಬ್ರೇಕು ಬಾಗಿಲುಗಳ ಪರೀಕ್ಷೆ, ತಿಕ್ಕಿ ತಿಕ್ಕಿ ಆಕಾರ ಕೆಟ್ಟ ಗಾಲಿಯನ್ನು ಲೇತ್‌ನಲ್ಲಿ ಕಡೆದು ದುಂಡಗೆ ಮಾಡುವುದು, ಕೆಲವು ವರ್ಷಕ್ಕೊಮ್ಮೆ ಪೂರ್ತಿ ಬಿಚ್ಚಿ ಜೋಡಿಸುವುದು. ಜೊತೆಗೆ ಎಲ್ಲಾದರೂ ಒಂದು ಕೆಟ್ಟು ನಿಂತರೆ ತಕ್ಷಣ ಕಳಿಸಲು ಒಂದೆರಡು ಸಿದ್ಧವಿರಬೇಕು. ಅದಕ್ಕೇ ಓಡುವುದಕ್ಕಿಂತ ನೂರಕ್ಕೆ ಹತ್ತು ಇಪ್ಪತ್ತರಷ್ಟು ಹೆಚ್ಚು ಇಟ್ಟುಕೊಳ್ಳುವುದು ವಾಡಿಕೆ. ಖಾಲಿ ನಿಂತ ರೈಲನ್ನು ಕಂಡು ದಂಡ ಎನ್ನುವುದು ಸುಲಭ. ಅದು ದುಡಿಯುತ್ತಿರುವುದು ನಿಂತೇ.

2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಮೆಟ್ರೋ ಹೊರಟಾಗ ರೈಲಿಗೆ ಮೂರೇ ಬೋಗಿ. ಮೊದಲ ಹಂತಕ್ಕೆ ಕೊಂಡದ್ದು ಅಂಥ 50 ರೈಲು. ಪ್ಲಾಟ್‌ಫಾರಂಗಳನ್ನು ಮಾತ್ರ ಮೊದಲೇ ಆರು ಬೋಗಿಗೆ ಸಾಲುವಂತೆ ಕಟ್ಟಿದ್ದರು. ನೂಕುನುಗ್ಗಲು ಮಿತಿಮೀರಿದ ಮೇಲೆ, 2017ರಲ್ಲಿ, ಬಿಇಎಂಎಲ್‌ಗೆ ಇನ್ನೂ 150 ಬೋಗಿಗಳ ಗುತ್ತಿಗೆ ಹೋಯಿತು. ಮೊದಲ ಆರು ಬೋಗಿಯ ರೈಲು ಓಡಿದ್ದು 2018ರ ಜೂನ್ 22ರಂದು. ಹಳಿ ಒಂದಡಿಯೂ ಬೆಳೆಯಲಿಲ್ಲ. ಒಂದು ರೈಲಿನಲ್ಲಿ ಹಿಡಿಸುವ ಜನ ಹೆಚ್ಚುಕಡಿಮೆ ಇಮ್ಮಡಿಯಾದರು.

ಬೋಗಿಗಳನ್ನು ಕಡೆಗಣಿಸಿದರೆ ಏನಾಗುತ್ತದೆಂಬುದಕ್ಕೆ ನ್ಯೂಯಾರ್ಕ್ ದೊಡ್ಡ ಪಾಠ. 1980ರ ದಶಕದ ಆರಂಭದಲ್ಲಿ ಅಲ್ಲಿನ ಸಬ್‌ವೇ ಬೋಗಿಗಳು ಸರಾಸರಿ 7,000 ಮೈಲಿಗೊಮ್ಮೆ ಕೆಡುತ್ತಿದ್ದವು. ಹಣ ಉಳಿಸಲು ದುರಸ್ತಿಯನ್ನು ವರ್ಷಗಟ್ಟಲೆ ಮುಂದೂಡಿದ ಫಲ. ಒಳಗೂ ಹೊರಗೂ ಬಣ್ಣದ ಗೀಚು. 1984ರಲ್ಲಿ ಮುಖ್ಯಸ್ಥರಾಗಿ ಬಂದ ಡೇವಿಡ್ ಗನ್ ಕಾಲದಲ್ಲಿ ಒಂದು ನಿಯಮ ಗಟ್ಟಿಯಾಯಿತು: ಒಮ್ಮೆ ಶುಚಿ ಮಾಡಿದ ರೈಲು ಮತ್ತೆ ಗೀಚಿಸಿಕೊಂಡರೆ ಅಳಿಸದೆ ಹೊರಗೆ ಬಿಡಬಾರದು. 1989ರ ಮೇ 12ರಂದು ಗೀಚು ತುಂಬಿದ ಕೊನೆಯ ರೈಲು ಸೇವೆಯಿಂದ ಹೊರಬಿತ್ತು. ಕೆಡುವ ತನಕ ಕಾಯದೆ ಅವಧಿಗೆ ಸರಿಯಾಗಿ ಬಿಡಿಭಾಗ ಬದಲಿಸುವ ಪದ್ಧತಿಯೂ ಬಂತು, ಹೊಸ ಬೋಗಿಗಳೂ ಬಂದವು. 2000ದ ಹೊತ್ತಿಗೆ ಆ ಸರಾಸರಿ ಒಂದು ಲಕ್ಷ ಮೈಲಿ ದಾಟಿತ್ತು. ಅಲ್ಲಿ 1964ರಲ್ಲಿ ಬಂದ ಒಂದು ಮಾದರಿಯ ಕೊನೆಯ ಬೋಗಿಗಳು 2022ರವರೆಗೂ ಓಡಿದವು.

ಇಷ್ಟೆಲ್ಲ ಓದಿಕೊಂಡು ನಮ್ಮ ಹಳಿಯತ್ತ ಮರಳಿದರೆ ಹಳೆಯ ಸಂಗತಿಗಳು ಬೇರೆಯಾಗಿ ಕಾಣುತ್ತವೆ. 1923ರಲ್ಲಿ ಕಬ್ಬಿಣ ತೆಗೆಯತೊಡಗಿದ ಭದ್ರಾವತಿಯ ಕಾರ್ಖಾನೆ ಉರಿಯುತ್ತಿದ್ದದ್ದು ಸುತ್ತಲ ಕಾಡಿನ ಮರದ ಇದ್ದಿಲಿನಿಂದ. ಮರ ಹೊತ್ತು ತರಲು ಕಾಡಿನೊಳಕ್ಕೆ ಟ್ರಾಮ್ ಹಳಿ ಹಾಕಿದ್ದರು. ಊದುಕುಲುಮೆ ಆರುವಂತಿಲ್ಲ, ಆದ್ದರಿಂದ ಬಂಡಿಗಳು ನಿಲ್ಲುವಂತಿಲ್ಲ. ಅಲ್ಲಿ ಹಳಿಯ ಉದ್ದದಷ್ಟೇ ಬಂಡಿಗಳ ಸುತ್ತೂ ಮುಖ್ಯ. 1990ರ ದಶಕದಲ್ಲಿ ಬೀರೂರು–ಶಿವಮೊಗ್ಗ ಬ್ರಾಡ್ ಗೇಜ್ ಆದಾಗ ತಾಳಗುಪ್ಪದ ಮೀಟರ್ ಗೇಜ್ ಹಳಿ ದ್ವೀಪದಂತೆ ಉಳಿಯಿತು. ಶಿವಮೊಗ್ಗದವರೆಗೆ ಬಂದ ಹೊಸ ಬೋಗಿ ಮುಂದೆ ಹೋಗಲಾರದು. ಹಳದಿ ಮಾರ್ಗದ ತೊಡಕೇ ಇದು, ಅಲ್ಲಿ ಸಿಗ್ನಲ್, ಇಲ್ಲಿ ಗೇಜ್. ಸಾಗರದವರ ಪಾಲಿಗೆ ಉಳಿದದ್ದು ಪುಟ್ಟ ರೈಲುಬಸ್. ಅರಸಾಳಿನಲ್ಲಿ ಈಗ ಹಳೆಯ ಬೋಗಿಯೊಂದು ಮಾಲ್ಗುಡಿ ಹೆಸರಿನಲ್ಲಿ ಚಹಾ ಕುಡಿಯುವ ತಾಣವಾಗಿದೆ.

2023ರ ಫೆಬ್ರವರಿ 27ರಂದು ಪ್ರಧಾನಿ ಶಿವಮೊಗ್ಗಕ್ಕೆ ಬಂದಾಗ ಎಲ್ಲರ ಕಣ್ಣೂ ಸೋಗಾನೆಯ ವಿಮಾನ ನಿಲ್ದಾಣದ ಮೇಲಿತ್ತು. ಶಿಕಾರಿಪುರದ ಮೂಲಕ ರಾಣೆಬೆನ್ನೂರಿಗೆ ಹೊಸ ರೈಲು ಮಾರ್ಗದ ಶಂಕುಸ್ಥಾಪನೆಯೂ ಅಂದೇ ಆಯಿತು. ಅದೇ ಪಟ್ಟಿಯಲ್ಲಿ ಇನ್ನೊಂದಿತ್ತು: ಕೋಟೆಗಂಗೂರಿನಲ್ಲಿ ನೂರು ಕೋಟಿ ರೂಪಾಯಿಗೂ ಮೀರಿದ ವೆಚ್ಚದ ಬೋಗಿ ನಿರ್ವಹಣಾ ಡಿಪೋ. ಶಿವಮೊಗ್ಗದಿಂದ ಹೊಸ ರೈಲುಗಳನ್ನು ಹೊರಡಿಸಲು, ಬೆಂಗಳೂರು ಮೈಸೂರುಗಳ ಡಿಪೋಗಳ ಒತ್ತಡ ಇಳಿಸಲು ಎಂದು ಅದರ ಉದ್ದೇಶ.

ನನ್ನ ಮಟ್ಟಿಗೆ ಅಂದಿನ ದೊಡ್ಡ ಸುದ್ದಿ ಅದೇ ಆಗಬೇಕಿತ್ತು. ಒಂದು ಊರಿನಿಂದ ರೈಲು ಹೊರಡಬೇಕೆಂದರೆ ಬಂದ ಬೋಗಿಗಳನ್ನು ನಿಲ್ಲಿಸಿ, ಕೆಳಗಿಳಿದು ಗಾಲಿ ನೋಡಿ, ನೀರು ತುಂಬಿ, ತೊಳೆದು ಕಳಿಸುವ ಪಿಟ್ ಲೈನ್ ಬೇಕು. ಅದು ಬೇರೆ ಊರಿನಲ್ಲಿದ್ದರೆ ರೈಲಿನ ವೇಳಾಪಟ್ಟಿಯೂ ಆ ಊರಿನ ಅನುಕೂಲಕ್ಕೆ ತಕ್ಕಂತೆ ಇರುತ್ತದೆ. ನಾವು ಮನವಿ ಪತ್ರಗಳಲ್ಲಿ ಇನ್ನೊಂದು ರೈಲು ಕೊಡಿ ಎಂದು ಕೇಳುತ್ತೇವೆ. ಅದರ ಜೊತೆಗೆ ಕೇಳಬೇಕಾದವು ಇನ್ನೂ ಮೂರಿವೆ: ಅದಕ್ಕೆ ಬೋಗಿಗಳು ಎಲ್ಲಿಂದ ಬರುತ್ತವೆ, ಎಲ್ಲಿ ತೊಳೆಯುತ್ತೀರಿ, ಕೋಟೆಗಂಗೂರಿನ ಕೆಲಸ ಎಲ್ಲಿಗೆ ಬಂತು?