ಓಟಕ್ಕೆ ಶೂ ತಗೊಳ್ಳುವ ಮುನ್ನ ಓದಿ: ತರಬೇತಿಗೆ ಯಾವುದು, ಸ್ಪರ್ಧೆಗೆ ಯಾವುದು?

ಉಡುಪಿ: ಅಜ್ಜರಕಾಡು ಜಿಲ್ಲಾ ಕ್ರೀಡಾಂಗಣ, ಮಣಿಪಾಲದ ಮಣ್ಣಪಳ್ಳ, ಮಲ್ಪೆ ಮತ್ತು ಕಾಪು ಕಡಲತೀರ, ಕಾರ್ಕಳದ ಆನೆಕೆರೆ ಸುತ್ತಿನ ರಸ್ತೆ. ಬೆಳಗ್ಗೆ ಬೇಗ ಎದ್ದು ಹೋದರೆ ಎಲ್ಲ ಕಡೆ ಓಡುವವರು ಸಿಗುತ್ತಾರೆ. ಮಾಹೆ ನಡೆಸುವ ಮಣಿಪಾಲ ಮ್ಯಾರಥಾನ್ ಹತ್ತಿರ ಬಂದಾಗಲಂತೂ ಹೊಸಬರ ಸಂಖ್ಯೆ ಇನ್ನೂ ಜಾಸ್ತಿ. ಅವರೆಲ್ಲ ಅಂಗಡಿಗೆ ಬಂದು ಕೇಳುವ ಮೊದಲ ಪ್ರಶ್ನೆ ಒಂದೇ: "ಓಡ್ಲಿಕ್ಕೆ ಒಳ್ಳೆ ಶೂ ಯಾವುದುಂಟು?"

ಎಲ್ಲರಿಗೂ ಒಳ್ಳೆಯದಾದ ಒಂದು ಶೂ ಇಲ್ಲ. ಕಾಲು, ಓಡುವ ಜಾಗ, ಓಡುವ ವೇಗ, ಕಿಸೆಯಲ್ಲಿರುವ ದುಡ್ಡು ಈ ನಾಲ್ಕನ್ನು ನೋಡಿ ಆರಿಸಬೇಕು. ಹಣ ಕಡಿಮೆ ಇದ್ದರೆ ಮೊದಲು ದಿನನಿತ್ಯದ ತರಬೇತಿಗೆ ಸರಿಯಾಗಿ ಕೂರುವ ಒಂದು ಜೋಡಿ ತಗೊಳ್ಳಿ. ಸ್ಪರ್ಧೆಯ ಶೂ ಆಮೇಲೆ. ತುಂಬ ಜನ ಇದನ್ನೇ ತಿರುಗುಮುರುಗು ಮಾಡಿ ದುಡ್ಡು ಕಳೆದುಕೊಳ್ಳುತ್ತಾರೆ, ಕಾಲನ್ನೂ ನೋಯಿಸಿಕೊಳ್ಳುತ್ತಾರೆ.

ಶೂ ಎಷ್ಟು ಬಗೆ?

ದಿನನಿತ್ಯದ ತರಬೇತಿ ಶೂ: ಸೋಲ್ ದಪ್ಪ, ಅಡಿಯಲ್ಲಿ ರಬ್ಬರ್ ಹೆಚ್ಚು, ತೂಕ ಸ್ವಲ್ಪ ಜಾಸ್ತಿ, ಬಾಳಿಕೆ ಚೆನ್ನಾಗಿ. ವಾರದ ಓಟದಲ್ಲಿ ಬಹುಪಾಲು ಇದರಲ್ಲೇ ಆಗಬೇಕು.

ವೇಗದ ತರಬೇತಿ ಶೂ: ಹಗುರ, ಸೋಲ್ ಸ್ವಲ್ಪ ಗಟ್ಟಿ. ವಾರಕ್ಕೆ ಒಂದೆರಡು ದಿನ ಜೋರಾಗಿ ಓಡುವವರಿಗೆ. 10 ಕಿ.ಮೀ., ಹಾಫ್ ಮ್ಯಾರಥಾನ್ ಸ್ಪರ್ಧೆಗೂ ನಡೆಯುತ್ತದೆ.

ಪ್ಲೇಟ್ ಇರುವ ರೇಸಿಂಗ್ ಶೂ: ಮೆತ್ತಗಿನ, ಪುಟಿಯುವ ಫೋಮಿನ ಒಳಗೆ ಕಾರ್ಬನ್ ಫೈಬರ್‌ನ ಗಟ್ಟಿ ಹಾಳೆ ಇರುತ್ತದೆ. ಬೆಲೆ ಸಾಮಾನ್ಯವಾಗಿ 15 ಸಾವಿರ ದಾಟುತ್ತದೆ.

ಸ್ಪೈಕ್ಸ್: ಟ್ರ್ಯಾಕ್ ಮತ್ತು ಮೈದಾನದ ಓಟಕ್ಕೆ ಮಾತ್ರ. ರಸ್ತೆಗೆ ಬೇಡವೇ ಬೇಡ.

ಟ್ರೇಲ್ ಶೂ: ಅಡಿಯಲ್ಲಿ ಹಲ್ಲು ಹಲ್ಲಾಗಿ ಆಳದ ಹಿಡಿತ. ಘಟ್ಟದ ಬುಡದ ಕಾಡುದಾರಿ, ಕೆಸರು, ಮುರಕಲ್ಲು ಗುಡ್ಡ ಹತ್ತುವವರಿಗೆ. ಡಾಂಬರು ರಸ್ತೆಯಲ್ಲಿ ದಿನಾ ಓಡಿದರೆ ಹಲ್ಲು ಬೇಗ ಸವೆಯುತ್ತದೆ.

ಕ್ರಿಕೆಟ್, ಶಟಲ್, ಜಿಮ್ ಶೂಗಳನ್ನು ಓಟಕ್ಕೆ ಬಳಸುವುದು ಸರಿಯಲ್ಲ. ಶಟಲ್ ಶೂ ಪಕ್ಕಕ್ಕೆ ಜಿಗಿಯಲು ಮಾಡಿದ್ದು. ಹಿಮ್ಮಡಿಯ ಕೆಳಗೆ ಮೆತ್ತನೆ ಕಡಿಮೆ.

ಸೈಜ್: ಎಡವುವುದು ಇಲ್ಲೇ

ಓಡುವಾಗ ಕಾಲು ಊದಿಕೊಳ್ಳುತ್ತದೆ, ಮುಂದಕ್ಕೆ ಸರಿಯುತ್ತದೆ. ಆದ್ದರಿಂದ ಶೂ ನೋಡಲು ಸಂಜೆ ಹೊತ್ತು ಹೋಗಿ, ಓಡುವಾಗ ಹಾಕುವ ಸಾಕ್ಸನ್ನೇ ಹಾಕಿಕೊಂಡು ಹೋಗಿ. ಕೂತಲ್ಲೇ ನೋಡಿ ಹೇಳಬೇಡಿ, ಎದ್ದು ನಿಂತು ನೋಡಬೇಕು. ಉದ್ದದ ಬೆರಳಿನ ತುದಿಗೂ ಶೂನ ಮುಂಭಾಗಕ್ಕೂ ನಡುವೆ ಹೆಬ್ಬೆರಳಿನ ಅಗಲದಷ್ಟು, ಅಂದರೆ ಸುಮಾರು 1 ಸೆಂ.ಮೀ. ಜಾಗ ಇರಬೇಕು. ಕೆಲವರಿಗೆ ಎರಡನೇ ಬೆರಳೇ ಉದ್ದ ಇರುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಿರಿ. ಎರಡು ಕಾಲಲ್ಲಿ ಒಂದು ದೊಡ್ಡದಿದ್ದರೆ ದೊಡ್ಡದಕ್ಕೆ ಸರಿಯಾದದ್ದನ್ನು ತಗೊಳ್ಳಿ.

ಅಗಲವೂ ಮುಖ್ಯ. ಸಣ್ಣಂದಿನಿಂದ ಬರಿಗಾಲಲ್ಲಿ, ಚಪ್ಪಲಿಯಲ್ಲಿ ಓಡಾಡಿದವರ ಪಾದ ಮುಂದೆ ಅಗಲವಾಗಿರುತ್ತದೆ. ಶೂ ಅಗಲ ಸಾಲದಿದ್ದರೆ ಕೆಲವರು ಒಂದು ಸೈಜ್ ದೊಡ್ಡದು ತಗೊಳ್ಳುತ್ತಾರೆ. ಆಗ ಹಿಮ್ಮಡಿ ಜಾರಿ ನೀರುಗುಳ್ಳೆ ಬರುತ್ತದೆ. ಅದರ ಬದಲು 'ವೈಡ್' ಅಥವಾ '2ಇ' ಅಂತ ಬರೆದ ಅಗಲದ ಮಾದರಿ ಕೇಳಿ.

ನಂಬರ್‌ನಲ್ಲೂ ಗೊಂದಲ ಉಂಟು. ನಮ್ಮಲ್ಲಿ ನಡೆಯುವುದು ಯುಕೆ ಸೈಜ್. ಹೆಚ್ಚಿನ ಬ್ರ್ಯಾಂಡ್‌ಗಳಲ್ಲಿ ಯುಕೆ 8 ಅಂದರೆ ಗಂಡಸರ ಯುಎಸ್ 9. ಅಡಿಡಾಸ್‌ನಲ್ಲಿ ಅದೇ 8.5. ಒಂದು ಬ್ರ್ಯಾಂಡಿನ 8 ಇನ್ನೊಂದರ 8ಕ್ಕೆ ಸಮ ಅಂತ ತಿಳಿಯಬೇಡಿ. ಆನ್‌ಲೈನಲ್ಲಿ ತರಿಸುವವರು ಗೋಡೆಗೆ ಹಿಮ್ಮಡಿ ತಾಗಿಸಿ, ಕಾಗದದ ಮೇಲೆ ನಿಂತು, ಪಾದದ ಉದ್ದವನ್ನು ಸೆಂ.ಮೀ.ನಲ್ಲಿ ಅಳೆದು, ಆ ಬ್ರ್ಯಾಂಡಿನ ಪಟ್ಟಿಯ ಜೊತೆ ಹೋಲಿಸಬೇಕು.

ಮಕ್ಕಳಿಗೆ "ಬೆಳೆಯುವ ಕಾಲು, ಎರಡು ವರ್ಷ ಬರಲಿ" ಅಂತ ಎರಡು ಸೈಜ್ ದೊಡ್ಡದು ತಗೊಳ್ಳುವ ಅಭ್ಯಾಸ ನಮ್ಮಲ್ಲಿ ಹಳೆಯದು. ಶಾಲೆಗೆ ಹೋಗಿ ಬರಲಿಕ್ಕೆ ನಡೆದೀತು. ಓಡುವ ಮಗುವಿಗೆ ಕಾಲು ಒಳಗೆ ಜಾರಿ ಎಡವುತ್ತದೆ, ಉಗುರು ಕಪ್ಪಾಗುತ್ತದೆ. ಹೆಬ್ಬೆರಳಿನ ಅಗಲದ ಜಾಗ ಮಕ್ಕಳಿಗೂ ಸಾಕು.

'ಚಪ್ಪಟೆ ಪಾದ' ಪರೀಕ್ಷೆ ನಂಬಬಹುದೇ?

ಒದ್ದೆ ಕಾಲಲ್ಲಿ ನೆಲದ ಮೇಲೆ ನಿಂತು, ಅಚ್ಚು ನೋಡಿ ಶೂ ಆರಿಸುವ ಪದ್ಧತಿ ಬಹಳ ಪ್ರಸಿದ್ಧ. ಅಮೆರಿಕದ ಭೂಸೇನೆ, ವಾಯುಸೇನೆ ಮತ್ತು ಮರೀನ್ ಪಡೆಯ ತರಬೇತಿ ಶಿಬಿರಗಳಲ್ಲಿ ಇದನ್ನು ಪರೀಕ್ಷಿಸಿ ನೋಡಿದ್ದಾರೆ. ಪಾದದ ಆಕಾರ ನೋಡಿ ಶೂ ಕೊಟ್ಟವರಿಗೂ, ಎಲ್ಲರಿಗೂ ಒಂದೇ ಬಗೆಯ ಶೂ ಕೊಟ್ಟವರಿಗೂ ಗಾಯದ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಅಚ್ಚಿಗಿಂತ ದೊಡ್ಡ ಪರೀಕ್ಷೆ ಹಾಕಿಕೊಂಡು ಓಡಿ ನೋಡುವುದೇ. ಅಂಗಡಿಯ ಎದುರು ಐವತ್ತು ಹೆಜ್ಜೆ ಓಡಿ. ಎಲ್ಲಾದರೂ ಚುಚ್ಚಿದರೆ, ಒತ್ತಿದರೆ, ಹಿಮ್ಮಡಿ ಜಾರಿದರೆ ಆ ಶೂ ನಿಮ್ಮದಲ್ಲ. "ಹಾಕ್ತಾ ಹಾಕ್ತಾ ಸರಿ ಆಗ್ತದೆ" ಅನ್ನುವ ಮಾತು ಚರ್ಮದ ಚಪ್ಪಲಿಗೆ ಸರಿ, ಓಟದ ಶೂಗೆ ಅಲ್ಲ.

ಪೆಟ್ಟಿಗೆಯ ಮೇಲೆ 'ಡ್ರಾಪ್' ಅಂತ ಇದ್ದರೆ ಅದು ಹಿಮ್ಮಡಿ ಭಾಗ ಬೆರಳಿನ ಭಾಗಕ್ಕಿಂತ ಎಷ್ಟು ಮಿ.ಮೀ. ಎತ್ತರ ಅನ್ನುವ ಲೆಕ್ಕ. 8ರಿಂದ 12 ಮಿ.ಮೀ. ಶೂನಲ್ಲಿ ಓಡಿ ಅಭ್ಯಾಸ ಇದ್ದವರು ಒಮ್ಮೆಲೇ 4 ಅಥವಾ 0 ಡ್ರಾಪ್‌ಗೆ ಹೋದರೆ ಮೀನಖಂಡಕ್ಕೂ ಹಿಮ್ಮಡಿಯ ಮೇಲಿನ ಸ್ನಾಯುರಜ್ಜಿಗೂ ಹೊರೆ ಬೀಳುತ್ತದೆ. ಬದಲಾಯಿಸುವುದಿದ್ದರೆ ಕೆಲವು ವಾರ ಸ್ವಲ್ಪ ಸ್ವಲ್ಪವೇ ಬದಲಾಯಿಸಿ. ಈಗಾಗಲೇ ನೋವಿದ್ದರೆ ಶೂ ಬದಲಾಯಿಸುವ ಮೊದಲು ವೈದ್ಯರನ್ನೋ ಫಿಸಿಯೋಥೆರಪಿಸ್ಟರನ್ನೋ ಕಾಣಿ.

ನಮ್ಮ ಊರಿನ ನೆಲ, ನಮ್ಮ ಊರಿನ ಮಳೆ

ಬೆಂಗಳೂರಿನವರ ಸಲಹೆ ಇಲ್ಲಿಗೆ ಹಾಗೇ ಹೊಂದುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿನ ಕಾಂಕ್ರೀಟ್ ರಸ್ತೆ, ಇಂಟರ್‌ಲಾಕ್, ಮುರಕಲ್ಲಿನ ಮೇಲೆ ಪಾಚಿ ಕಟ್ಟುತ್ತದೆ. ಅಡಿಯಲ್ಲಿ ಬರೀ ಫೋಮ್ ಇದ್ದು ರಬ್ಬರ್ ಕಡಿಮೆ ಇರುವ ಶೂ ಅಲ್ಲಿ ಜಾರುತ್ತದೆ. ಶೂ ಮಗುಚಿ ನೋಡಿ: ಹಿಮ್ಮಡಿಯ ಹೊರ ಅಂಚಿಗೂ ಮುಂಪಾದಕ್ಕೂ ರಬ್ಬರ್ ಇರಬೇಕು.

'ವಾಟರ್‌ಪ್ರೂಫ್' ಶೂ ನಮ್ಮ ಮಳೆಗೆ ಉಪಯೋಗ ಕಡಿಮೆ. ಇಲ್ಲಿ ನೀರು ಕಾಲಿನಿಂದ ಇಳಿದು ಮೇಲಿನಿಂದಲೇ ಶೂ ಒಳಗೆ ತುಂಬುತ್ತದೆ. ಒಳಗೆ ಹೋದ ನೀರು ಹೊರಗೆ ಬರುವುದಿಲ್ಲ. ತೆಳು ಜಾಲರಿ ಬಟ್ಟೆಯ ಶೂ ಒದ್ದೆಯಾದರೂ ಬೇಗ ಹರಿದು ಹೋಗಿ ಒಣಗುತ್ತದೆ. ಸಾಕ್ಸ್ ಪೂರ್ತಿ ಹತ್ತಿಯದ್ದು ಬೇಡ. ಬೆವರು, ಮಳೆ ಎರಡನ್ನೂ ಹಿಡಿದಿಟ್ಟು ಗುಳ್ಳೆ ಎಬ್ಬಿಸುತ್ತದೆ. ಪಾಲಿಯೆಸ್ಟರ್, ನೈಲಾನ್ ಮಿಶ್ರಣದ್ದು ತಗೊಳ್ಳಿ.

ಒದ್ದೆ ಶೂವನ್ನು ಒಲೆಯ ಹತ್ತಿರ ಇಡಬೇಡಿ, ಸುಡುಬಿಸಿಲಿಗೂ ಹಾಕಬೇಡಿ. ಬಿಸಿಗೆ ಅಂಟು ಬಿಡುತ್ತದೆ, ಫೋಮ್ ಗಟ್ಟಿಯಾಗುತ್ತದೆ. ಒಳಗಿನ ಇನ್‌ಸೋಲ್ ತೆಗೆದು, ಲೇಸ್ ಸಡಿಲಿಸಿ, ಹಳೆ ಪೇಪರ್ ತುರುಕಿ ಫ್ಯಾನಿನ ಕೆಳಗೆ ಇಡಿ. ಒಂದೆರಡು ಗಂಟೆಗೆ ಪೇಪರ್ ಬದಲಾಯಿಸಿ. ಮಳೆಗಾಲದಲ್ಲಿ ದಿನಾ ಓಡುವವರಿಗೆ ಎರಡು ಜೋಡಿ ಇದ್ದರೆ ಒಂದು ಒಣಗುವಾಗ ಇನ್ನೊಂದು ಸಿಗುತ್ತದೆ. ಇದರಿಂದ ಇನ್ನೊಂದು ಲಾಭವೂ ಇರಬಹುದು. ಲಕ್ಸೆಂಬರ್ಗ್‌ನಲ್ಲಿ 264 ಓಟಗಾರರನ್ನು 22 ವಾರ ಗಮನಿಸಿದ ಅಧ್ಯಯನದಲ್ಲಿ, ಒಂದಕ್ಕಿಂತ ಹೆಚ್ಚು ಜೋಡಿ ಬದಲಾಯಿಸಿ ಓಡಿದವರಲ್ಲಿ ಗಾಯದ ಸಾಧ್ಯತೆ 39 ಶೇಕಡಾ ಕಡಿಮೆ ಕಂಡಿತ್ತು.

ಉಪ್ಪು ನೀರು, ಮರಳು ಕೂಡ ಶೂಗೆ ಶತ್ರು. ಮಲ್ಪೆ, ಕಾಪು ಬೀಚಿನಲ್ಲಿ ಓಡಿ ಬಂದರೆ ಸಿಹಿ ನೀರಿನಲ್ಲಿ ತೊಳೆದೇ ಒಣಗಿಸಿ.

ಬರಿಗಾಲ ಓಟ

ಮಿಯ್ಯಾರಿನ ಕಂಬಳ ನೋಡಿದವರಿಗೆ ಬರಿಗಾಲಲ್ಲಿ ಎಷ್ಟು ಜೋರಾಗಿ ಓಡಬಹುದು ಅಂತ ಹೇಳಿಕೊಡಬೇಕಾಗಿಲ್ಲ. 2020ರಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು ಕೋಣಗಳ ಜೊತೆ 13.62 ಸೆಕೆಂಡಿನಲ್ಲಿ ಓಡಿದ್ದು ದೇಶದಾದ್ಯಂತ ಸುದ್ದಿಯಾಯಿತು. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಇಥಿಯೋಪಿಯಾದ ಅಬೆಬೆ ಬಿಕಿಲ ಬರಿಗಾಲಲ್ಲೇ ಮ್ಯಾರಥಾನ್ ಗೆದ್ದರು. ಬರಿಗಾಲ ಓಟಕ್ಕೆ ಹೆಸರಾದ ನಮ್ಮ ದೇಶದ ಶಿವನಾಥ್ ಸಿಂಗ್ 1978ರಲ್ಲಿ ಜಲಂಧರ್‌ನಲ್ಲಿ 2 ಗಂಟೆ 12 ನಿಮಿಷಕ್ಕೆ ಮ್ಯಾರಥಾನ್ ಮುಗಿಸಿದರು. ಆ ದಾಖಲೆ ದಶಕಗಳ ಕಾಲ ಉಳಿಯಿತು.

ಹಾಗಂತ ಶೂ ಹಾಕಿ ಅಭ್ಯಾಸ ಇರುವವರು ನಾಳೆಯಿಂದಲೇ ಹೆದ್ದಾರಿ ಬದಿಯಲ್ಲಿ ಬರಿಗಾಲಲ್ಲಿ ಓಡಬೇಕಿಲ್ಲ ಮಾರಾಯ್ರೆ. ಕಂಬಳದ ಗದ್ದೆಯ ಕೆಸರು ಬೇರೆ, ಬಿಸಿ ಡಾಂಬರು ಬೇರೆ. ಬರಿಗಾಲಲ್ಲೇ ಚೆನ್ನಾಗಿ ಓಡುವ ಶಾಲಾ ಮಕ್ಕಳಿಗೂ ಕ್ರೀಡಾಕೂಟದ ಹಿಂದಿನ ದಿನ ಹೊಸ ಶೂ ಕೊಡಿಸಬೇಡಿ. ಕೊಡಿಸುವುದಿದ್ದರೆ ಒಂದು ತಿಂಗಳು ಮೊದಲೇ ಕೊಡಿಸಿ.

ಸ್ಪರ್ಧೆಯ ಶೂ: ಯಾರಿಗೆ ಲಾಭ?

ನೈಕಿ 2017ರಲ್ಲಿ ವೇಪರ್‌ಫ್ಲೈ ತಂದ ಮೇಲೆ ಪ್ಲೇಟ್ ಶೂ ಕಾಲ ಶುರುವಾಯಿತು. ಕೊಲೊರಾಡೊ ವಿಶ್ವವಿದ್ಯಾಲಯದ ಪ್ರಯೋಗದಲ್ಲಿ ವೇಗದ ಓಟಗಾರರಿಗೆ ಸರಾಸರಿ 4 ಶೇಕಡಾ ಶಕ್ತಿ ಉಳಿತಾಯ ಕಂಡಿತು. ಆದರೆ ಪ್ರಯೋಗ ನಡೆದದ್ದು ಗಂಟೆಗೆ 14ರಿಂದ 18 ಕಿ.ಮೀ. ವೇಗದಲ್ಲಿ. ಅದೇ ಸಾಲಿನ ಮುಂದಿನ ಮಾದರಿಯನ್ನು ನಿಧಾನ ವೇಗದಲ್ಲಿ ಪರೀಕ್ಷಿಸಿದಾಗ ಗಂಟೆಗೆ 12 ಕಿ.ಮೀ.ಗೆ ಸುಮಾರು 1.4 ಶೇಕಡಾ, 10 ಕಿ.ಮೀ.ಗೆ ಸುಮಾರು 0.9 ಶೇಕಡಾ ಮಾತ್ರ ಸಿಕ್ಕಿತು.

ಲೆಕ್ಕ ಹಾಕಿ ನೋಡಿ. ಗಂಟೆಗೆ 10 ಕಿ.ಮೀ. ಅಂದರೆ ಹಾಫ್ ಮ್ಯಾರಥಾನ್ ಸುಮಾರು 2 ಗಂಟೆ 6 ನಿಮಿಷ. ಆ ವೇಗದವರಿಗೆ ಒಂದು ಶೇಕಡಾ ಅಂದರೆ ಒಂದು ನಿಮಿಷದ ಆಚೀಚೆ. 20 ಸಾವಿರದ ಶೂನಲ್ಲಿ 300 ಕಿ.ಮೀ. ಓಡಿದರೆ ಕಿ.ಮೀ.ಗೆ ಸುಮಾರು 67 ರೂಪಾಯಿ. 4 ಸಾವಿರದ ತರಬೇತಿ ಶೂನಲ್ಲಿ 600 ಕಿ.ಮೀ. ಓಡಿದರೆ 7 ರೂಪಾಯಿಗೂ ಕಡಿಮೆ. ಉಡುಪಿಯಿಂದ ಮಣಿಪಾಲಕ್ಕೆ ಏರುವ ದಾರಿಯಲ್ಲಿ ವಾರಕ್ಕೊಮ್ಮೆ ಓಡಿ ಅಭ್ಯಾಸ ಮಾಡಿದರೆ ಆ ಒಂದು ನಿಮಿಷ ಪುಕ್ಕಟೆ ಸಿಕ್ಕೀತು.

ಪದಕಕ್ಕಾಗಿ ಓಡುವವರ ವಿಷಯ ಬೇರೆ. ಅವರು ವಿಶ್ವ ಅಥ್ಲೆಟಿಕ್ಸ್ ನಿಯಮ ತಿಳಿದಿರಬೇಕು. ರಸ್ತೆ ಓಟದಲ್ಲಿ ಸೋಲ್ 40 ಮಿ.ಮೀ.ಗಿಂತ ದಪ್ಪ ಇರಬಾರದು. ಟ್ರ್ಯಾಕ್ ಓಟಗಳಿಗೆ 2024ರ ನವೆಂಬರ್ 1ರಿಂದ ಮಿತಿ 20 ಮಿ.ಮೀ. ಅಂದರೆ ರಸ್ತೆಯ ದಪ್ಪ ಸೋಲ್ ಶೂ ಹಾಕಿ ಟ್ರ್ಯಾಕ್‌ನ 5,000 ಮೀಟರ್ ಓಡಿದರೆ ಫಲಿತಾಂಶವೇ ಹೋದೀತು. ಸಿಂಥೆಟಿಕ್ ಟ್ರ್ಯಾಕ್‌ನಲ್ಲಿ ಓಟದ ಸ್ಪೈಕ್ ಮೊಳೆ 9 ಮಿ.ಮೀ. ಮೀರಬಾರದು, ಒಂದು ಶೂಗೆ 11 ಮೊಳೆಗಿಂತ ಹೆಚ್ಚು ಇರಬಾರದು. ಮಣ್ಣಿನ ಮೈದಾನಕ್ಕೆ ಹಾಕಿದ ಉದ್ದ ಮೊಳೆಯಲ್ಲೇ ಅಜ್ಜರಕಾಡು ಟ್ರ್ಯಾಕ್‌ಗೆ ಇಳಿದರೆ ಟ್ರ್ಯಾಕೂ ಹಾಳು.

ಯಾವ ಶೂವೇ ಇರಲಿ, ಸ್ಪರ್ಧೆಯ ದಿನ ಮೊದಲ ಸಲ ಹಾಕಬೇಡಿ. ಅದೇ ಸಾಕ್ಸ್, ಅದೇ ಲೇಸ್ ಬಿಗಿಯಲ್ಲಿ ಮೊದಲೇ ಎರಡು ಮೂರು ಸಲ ಓಡಿರಬೇಕು.

ಹಳೆ ಸ್ಟಾಕ್, ಡಿಸ್ಕೌಂಟ್, ಬಿಲ್

ಡಿಸ್ಕೌಂಟ್ ಇದ್ದರೆ ಮೊದಲು ಪೆಟ್ಟಿಗೆಯ ಮೇಲೆ ತಯಾರಾದ ತಿಂಗಳು, ವರ್ಷ ನೋಡಿ. ನಮ್ಮ ಕರಾವಳಿಯ ತೇವದಲ್ಲಿ ವರ್ಷಗಟ್ಟಲೆ ಮುಚ್ಚಿಟ್ಟ ಶೂನ ಅಂಟು ಸಡಿಲವಾಗುತ್ತದೆ. ಪಾಲಿಯುರೆಥೇನ್ ಸೋಲ್ ಆದರೆ ಹಾಕದೇ ಇದ್ದರೂ ಪುಡಿಪುಡಿಯಾಗುತ್ತದೆ. ಮುಂಭಾಗವನ್ನು ಬಗ್ಗಿಸಿ, ಅಂಟಿನ ಗೆರೆ ಬಾಯಿ ಬಿಡುತ್ತದೋ ನೋಡಿ. ಕಳೆದ ವರ್ಷದ ಮಾದರಿ ಕಡಿಮೆ ಬೆಲೆಗೆ ಸಿಕ್ಕರೆ ಧಾರಾಳ ತಗೊಳ್ಳಬಹುದು. ಐದು ವರ್ಷ ಹಳೆಯದು ಬೇಡ. 'ಫಸ್ಟ್ ಕಾಪಿ' ಅಂತ ಮಾರುವುದು ನಕಲಿ ಮಾಲು. ನೋಡಲಿಕ್ಕೆ ಅದೇ, ಒಳಗಿನ ಫೋಮ್ ಬೇರೆ.

2025ರ ಸೆಪ್ಟೆಂಬರ್ 22ರಿಂದ ಜೋಡಿಗೆ 2,500 ರೂಪಾಯಿವರೆಗಿನ ಪಾದರಕ್ಷೆಗೆ ಜಿಎಸ್‌ಟಿ 5 ಶೇಕಡಾ, ಅದಕ್ಕಿಂತ ಮೇಲಿನದ್ದಕ್ಕೆ 18 ಶೇಕಡಾ. ಬಿಲ್ ತಗೊಳ್ಳಿ. ಬಿಲ್ ಇಲ್ಲದಿದ್ದರೆ ಸೋಲ್ ಕಿತ್ತು ಬಂದಾಗ ಕೇಳುವ ಹಾಗಿಲ್ಲ.

ಅಂಗಡಿಯವರಿಗೂ ಒಂದು ಮಾತು. ಆನ್‌ಲೈನ್ ಕೊಡಲಾಗದ ಸೌಲಭ್ಯ ನಿಮ್ಮ ಕೈಯಲ್ಲಿದೆ: ಕಾಲು ಅಳೆದು, ಎರಡು ಸೈಜ್ ಎದುರಿಟ್ಟು, ಹೊರಗೆ ಓಡಿಸಿ ನೋಡಲು ಬಿಡುವುದು. ಮಳೆಗಾಲದ ಮೊದಲೇ ಸ್ಟಾಕನ್ನು ನೆಲಕ್ಕೆ ತಾಗದಂತೆ ಎತ್ತಿಟ್ಟು, ಹಳೆಯ ಪೆಟ್ಟಿಗೆ ಮೊದಲು ಖಾಲಿಯಾಗುವ ಹಾಗೆ ಜೋಡಿಸಿ.

ಯಾವಾಗ ಬದಲಾಯಿಸಬೇಕು?

ಸಾಮಾನ್ಯ ಲೆಕ್ಕ 500ರಿಂದ 800 ಕಿ.ಮೀ. ದಿನಕ್ಕೆ 5 ಕಿ.ಮೀ.ಯಂತೆ ವಾರಕ್ಕೆ ಐದು ದಿನ ಓಡಿದರೆ 600 ಕಿ.ಮೀ.ಗೆ 24 ವಾರ, ಹೆಚ್ಚುಕಮ್ಮಿ ಐದೂವರೆ ತಿಂಗಳು. ಇನ್‌ಸೋಲ್ ಕೆಳಗೆ ತಗೊಂಡ ದಿನಾಂಕ ಪೆನ್ನಿನಲ್ಲಿ ಬರೆದಿಟ್ಟರೆ ನೆನಪಿರುತ್ತದೆ. ಶೂವನ್ನು ಮೇಜಿನ ಮೇಲಿಟ್ಟು ಹಿಂದಿನಿಂದ ನೋಡಿ. ಒಂದು ಬದಿಗೆ ವಾಲಿದ್ದರೆ, ಅಡಿಯ ರಬ್ಬರ್ ಸವೆದು ಫೋಮ್ ಕಂಡರೆ, ಕಾರಣವಿಲ್ಲದೆ ಮೊಣಕಾಲು, ಮೀನಖಂಡ ನೋಯತೊಡಗಿದರೆ ಅದಕ್ಕೆ ವಿದಾಯ ಹೇಳಿ. ನಡೆಯಲಿಕ್ಕೆ, ತೋಟಕ್ಕೆ ಹೋಗಲಿಕ್ಕೆ ಅದು ಇನ್ನೂ ಒಂದು ವರ್ಷ ಬಂದೀತು.